ಡಿ.ಜೆ. ಸಲಕರಣೆ ಕೊಳ್ಳುವ ಮುನ್ನ

(ಬಾನುಲಿ ಭಾಷಣ)

ಎರಡು ವರ್ಷಗಳ ಹಿಂದೆ, ಆಗತಾನೆ ಪಿ.ಯು.ಸಿ. ಮುಗಿಸಿದ್ದ ನನ್ನ ಮಗಳ ಮಗ ಒಂದು ಸಂಜೆ ನನ್ನೆದುರು ಬಂದು ಕುಳಿತು, "ತಾತ, ನಾನು ಡಿ.ಜೆ. ಕಲಿಯಬೇಕು, ಅದಕ್ಕೆ ಸಲಕರಣೆ ಕೊಳ್ಳಬೇಕು" ಎಂದ. ಬದುಕಿನ ಬಹುಭಾಗವನ್ನು ಹಳಗನ್ನಡ ಕಾವ್ಯದ ಪಾಠ ಹೇಳುವುದರಲ್ಲಿಯೇ ಕಳೆದ ನನಗೆ ಆ ಎರಡಕ್ಷರ ಕಿವಿಗೆ ಬಿದ್ದೊಡನೆ ಕಣ್ಣ ಮುಂದೆ ನಿಂತದ್ದು ಒಂದೇ ಚಿತ್ರ: ಗಣೇಶ ವಿಸರ್ಜನೆಯ ರಾತ್ರಿ, ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿವರ್ಧಕಗಳು, ನಡುಗುವ ಕಿಟಕಿ ಗಾಜು. ನನ್ನ ಮುಖಭಾವವನ್ನು ಓದಿಕೊಂಡವನಂತೆ ಹುಡುಗ, "ಅದು ಡಿ.ಜೆ. ಅಲ್ಲ ತಾತ, ಅದು ಬರೀ ಸ್ಪೀಕರು" ಎಂದು ತಿದ್ದಿದ. ತರಗತಿಯಲ್ಲಿ ಶಬ್ದಾರ್ಥವನ್ನು ತಿದ್ದುತ್ತಿದ್ದವನು ನಾನು. ಈಗ ನನ್ನ ಶಬ್ದಾರ್ಥವನ್ನೇ ತಿದ್ದಿಸಿಕೊಳ್ಳಬೇಕಾಗಿ ಬಂತು. ಅಲ್ಲಿಂದ ಮುಂದೆ ನಾನು ಕಲಿತದ್ದನ್ನು, ಕಲಿಯುವ ಮೊದಲೇ ಆತುರಪಟ್ಟು ಕಳೆದುಕೊಂಡದ್ದನ್ನು, ಇಂದು ತಮ್ಮೆದುರು ಹೇಳಬೇಕೆಂದಿದ್ದೇನೆ. ಮನೆಯಲ್ಲಿ ಇಂಥ ಬೇಡಿಕೆ ಇಟ್ಟ ಮಕ್ಕಳು ಇರುವವರಿಗೆ ಇದರಿಂದ ಒಂದಿಷ್ಟು ಹಣವಾದರೂ ಉಳಿದೀತು.

ಡಿಸ್ಕ್ ಜಾಕಿ ಎಂಬ ಮಾತು ಹುಟ್ಟಿದ್ದು ಬಾನುಲಿಯ ಮನೆಯಲ್ಲಿಯೇ. ಅಮೆರಿಕದಲ್ಲಿ ಗ್ರಾಮೊಫೋನ್ ತಟ್ಟೆಗಳನ್ನು ಒಂದಾದ ಮೇಲೊಂದು ಹಾಕಿ, ನಡುವೆ ನಾಲ್ಕು ಮಾತಾಡುತ್ತಿದ್ದ ನಿರೂಪಕನಿಗೆ ಆ ಹೆಸರು ಬಂತು. ತಟ್ಟೆ ಹಾಕುವುದೇ ಒಂದು ವಾದ್ಯವನ್ನು ನುಡಿಸಿದಂತೆ ಆದದ್ದು ಅನಂತರದ ಕಥೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ವಸತಿ ಕಟ್ಟಡದಲ್ಲಿ, ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ತರುಣ ತನ್ನ ತಂಗಿ ಏರ್ಪಡಿಸಿದ ಕೂಟಕ್ಕೆ ಹಾಡು ಹಾಕಿದ. ಹಾಡಿನಲ್ಲಿ ಗಾಯನ ನಿಂತು ಬರಿಯ ಲಯವಾದ್ಯಗಳು ಮೊಳಗುವ ಕೆಲವು ಕ್ಷಣಗಳಲ್ಲಿಯೇ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಕೆಲವು ಸೆಕೆಂಡುಗಳ ಲಯವನ್ನು ನಿಮಿಷಗಟ್ಟಲೆ ಹಿಗ್ಗಿಸುವ ಬಗೆಯನ್ನು ಅವನು ಬಳಕೆಗೆ ತಂದ. ಎರಡು ತಟ್ಟೆ, ನಡುವೆ ಒಂದು ಮಿಶ್ರಕ, ಕಿವಿಗೆ ಹೆಡ್‌ಫೋನ್: ಇಂದಿನ ಗಣಕಯಂತ್ರದ ಪರದೆಯ ಮೇಲೆಯೂ ಕಾಣುವುದು ಅದೇ ಏರ್ಪಾಡು.

ಹಾಡುಗಳನ್ನು ಒಂದರ ಹಿಂದೆ ಒಂದು ಹಾಕುವುದರಲ್ಲಿ ಏನು ವಿದ್ಯೆಯಿದೆ ಎಂದು ನಾನು ಹುಡುಗನನ್ನು ಕೇಳಿದೆ. ಅವನು ಕೊಟ್ಟ ವಿವರಣೆ ನನಗೆ ಚೆನ್ನಾಗಿ ಅರ್ಥವಾದದ್ದು ಕೇಶಿರಾಜನ ನೆರವಿನಿಂದ. ಇದು ಸಂಧಿಕಾರ್ಯ! ಹೋಗುವ ಹಾಡಿನ ಮಂದ್ರಧ್ವನಿಯನ್ನು ಇಳಿಸಿಬಿಟ್ಟರೆ ಅದು ಲೋಪ. ಎರಡು ಹಾಡುಗಳ ನಡುವೆ ಮೂರನೆಯ ನಾದವೊಂದನ್ನು ತಂದರೆ ಆಗಮ. ಒಂದರ ಮೃದಂಗದ ಜಾಗದಲ್ಲಿ ಇನ್ನೊಂದರ ಡೋಲನ್ನು ಕೂರಿಸಿದರೆ ಆದೇಶ. ಎರಡು ಸ್ವರಗಳು ಎದುರುಬದುರಾದರೂ ಸಂಧಿ ಮಾಡದೆ ಬಿಡುವ ಪ್ರಕೃತಿಭಾವವೂ ಇಲ್ಲಿದೆಯಂತೆ. ಕೆಲವು ಹಾಡುಗಳನ್ನು ಪೂರ್ತಿ ಮುಗಿಯಲು ಬಿಟ್ಟು, ಅರೆಕ್ಷಣ ಮೌನವಿಟ್ಟು, ಹೊಸದನ್ನು ಎತ್ತಿಕೊಳ್ಳುವುದೇ ಸರಿ. ಈ ಹೋಲಿಕೆ ಹುಡುಗನಿಗೆ ಹಿಡಿಸಿತೆಂದು ಹೇಳಲಾರೆ. ಅವನು ನಕ್ಕು ಸುಮ್ಮನಾದ.

ಸಂಧಿ ಕೂಡಬೇಕಾದರೆ ಎರಡು ಹಾಡುಗಳ ಕಾಲಪ್ರಮಾಣ ಒಂದಾಗಬೇಕು. ನಿಮಿಷಕ್ಕೆ 120 ಪೆಟ್ಟುಗಳ ಹಾಡಿನಿಂದ 124ರ ಹಾಡಿಗೆ ಹೋಗುವುದಾದರೆ ಮೊದಲನೆಯದನ್ನು ಶೇಕಡ ಮೂರೂ ಚಿಲ್ಲರೆ ಓಡಿಸಬೇಕು. ಜಪಾನಿನ ಟೆಕ್ನಿಕ್ಸ್ ಎಸ್.ಎಲ್.-1200 ಎಂಬ ತಟ್ಟೆಯಂತ್ರ 1972ರಲ್ಲಿ ಬಂದುದು, ಪಟ್ಟಿಯ ನಡುಸಹಾಯವಿಲ್ಲದೆ ಮೋಟಾರಿನಿಂದಲೇ ನೇರವಾಗಿ ತಿರುಗುವ ಅದು ಡಿ.ಜೆ.ಗಳಿಗೆ ಪ್ರಿಯವಾದುದು, 1979ರ ಅದರ ಎರಡನೆಯ ಅವತರಣಿಕೆಯಲ್ಲಿ ವೇಗ ಬದಲಿಸಲು ಉದ್ದನೆಯ ಜಾರುಗುಂಡಿ ಸೇರಿದುದು, ಎಲ್ಲವೂ ಈ ಅಗತ್ಯಕ್ಕಾಗಿ ಒದಗಿಬಂದವು. ಆದರೆ ತಟ್ಟೆಯ ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತದೆ. ಶೇಕಡ ಆರರಷ್ಟು ಓಡಿಸಿದರೆ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಮೇಲಕ್ಕೆ ಹೋದಂತೆ. ಗಣಕದ ತಂತ್ರಾಂಶಗಳು ಶ್ರುತಿಯನ್ನು ಹಿಡಿದಿಟ್ಟು ಕಾಲವನ್ನಷ್ಟೇ ಬದಲಿಸಬಲ್ಲವು. 2001ರಲ್ಲಿ ಪಯೊನಿಯರ್ ಸಂಸ್ಥೆಯ ಸಿ.ಡಿ.ಜೆ.-1000 ಸಿ.ಡಿ.ಯನ್ನು ತಟ್ಟೆಯಂತೆ ಕೈಯಿಂದ ಆಡಿಸುವ ಅನುಕೂಲ ಒದಗಿಸಿತು. ಅದೇ ಸುಮಾರಿನಲ್ಲಿ ಫೈನಲ್ ಸ್ಕ್ರಾಚ್, 2004ರಲ್ಲಿ ನ್ಯೂಜಿಲೆಂಡಿನ ಸೆರಾಟೊ, ಸಂಕೇತಗಳನ್ನು ಮಾತ್ರ ಕೊರೆದ ತಟ್ಟೆಯಿಂದ ಗಣಕದೊಳಗಿನ ಹಾಡನ್ನು ನಡೆಸುವ ದಾರಿ ತೆರೆದವು. ಇಂದು ಹೊಸಬರು ಕೊಳ್ಳುವುದು ಇವೆಲ್ಲದರ ಸಾರವನ್ನು ಒಂದು ಹಲಗೆಯ ಮೇಲೆ ಇಳಿಸಿದ ಕಂಟ್ರೋಲರ್ ಎಂಬ ಉಪಕರಣವನ್ನು. ಎರಡು ಗಾಲಿ, ಎರಡು ಜಾರುಗುಂಡಿ, ನಡುವೆ ಮಿಶ್ರಕ. ಅದರೊಳಗೆ ಹಾಡಿರುವುದಿಲ್ಲ; ಹಾಡು ಇರುವುದು ಗಣಕದಲ್ಲಿ, ಕಂಟ್ರೋಲರು ಅದಕ್ಕೆ ಕೈ ಮಾತ್ರ.

ಇನ್ನು ನನ್ನ ತಪ್ಪಿನ ಮಾತು. ಹುಡುಗ ಎರಡು ವರ್ಷ ಕೂಡಿಟ್ಟಿದ್ದ ಹಣಕ್ಕೆ ನನ್ನ ಪಿಂಚಣಿಯಿಂದ ಒಂದಿಷ್ಟು ಸೇರಿಸಿದೆ. ಬಳಸಿದ ವಸ್ತುಗಳನ್ನು ಮಾರುವ ಒಬ್ಬ ವ್ಯಾಪಾರಿಯ ಬಳಿ ದೊಡ್ಡದಾದ, ಭಾರವಾದ, ನೋಡಲು ಭವ್ಯವಾದ ಕಂಟ್ರೋಲರೊಂದು ಅರ್ಧಕ್ಕಿಂತ ಕಡಮೆ ಬೆಲೆಗೆ ದೊರೆಯುವಂತಿತ್ತು. "ಸ್ವಲ್ಪ ವಿಚಾರಿಸಿ ನೋಡೋಣ ತಾತ" ಎಂದು ಹುಡುಗ ಎರಡು ಸಲ ಹೇಳಿದ. ಭಾರವಾದ ಪಾತ್ರೆಯೇ ಗಟ್ಟಿಯಾದ ಪಾತ್ರೆ ಎಂದು ನಂಬಿ ಬೆಳೆದ ನಾನು ಅಲ್ಲಿಯೇ ಹಣ ಎಣಿಸಿ ಕೊಟ್ಟುಬಿಟ್ಟೆ. ಮನೆಗೆ ತಂದು ಜೋಡಿಸಿದರೆ ದೀಪಗಳೆಲ್ಲ ಬೆಳಗಿದವು, ಸದ್ದು ಮಾತ್ರ ಇಲ್ಲ. ಆ ಯಂತ್ರಕ್ಕೂ ಗಣಕಕ್ಕೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಡ್ರೈವರ್ ಎಂಬ ತಂತ್ರಾಂಶವನ್ನು ತಯಾರಕರು ಎಂದೋ ನಿಲ್ಲಿಸಿದ್ದರು. ನಮ್ಮ ಹೊಸ ಗಣಕಕ್ಕೆ ಅದರ ಭಾಷೆ ತಿಳಿಯದು. ವ್ಯಾಪಾರಿ ಮರಳಿ ತೆಗೆದುಕೊಳ್ಳಲಿಲ್ಲ. ಹುಡುಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಒಂದು ತಿಂಗಳ ಕಾಲ ಡಿ.ಜೆ.ಯ ಮಾತನ್ನೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದುದರಿಂದ ನನ್ನ ಮೊದಲನೆಯ ವಿನಂತಿ ಇದು: ಯಂತ್ರಾಂಶವನ್ನು ಆರಿಸುವ ಮೊದಲು ತಂತ್ರಾಂಶವನ್ನು ಆರಿಸಿ, ಆ ತಂತ್ರಾಂಶ ನಿಮ್ಮ ಗಣಕದಲ್ಲಿ ನಡೆಯುವುದನ್ನು ಕಣ್ಣಾರೆ ನೋಡಿ, ಆ ಮೇಲೆ ಅದು ಯಾವ ಯಾವ ಕಂಟ್ರೋಲರುಗಳನ್ನು ಗುರುತಿಸುತ್ತದೆಂಬ ಪಟ್ಟಿಯನ್ನು ಓದಿ. ಪ್ರತ್ಯೇಕ ಡ್ರೈವರ್ ಬೇಡದೆ, ಜೋಡಿಸಿದೊಡನೆ ಗಣಕವೇ ಗುರುತಿಸುವ ಯಂತ್ರಗಳಿವೆ. ಅವುಗಳಿಗೆ ಆಯುಸ್ಸು ಹೆಚ್ಚು.

ಯಾವ ತಂತ್ರಾಂಶ? ಏನನ್ನೂ ಕೊಳ್ಳದೆ ಆರಂಭಿಸಬಯಸುವವರಿಗೆ ಮಿಕ್ಸ್ ಎಂಬುದಿದೆ. 2001ರಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬರ ಕೆಲಸವಾಗಿ ಹುಟ್ಟಿ, ಅನಂತರ ಹಲವು ದೇಶಗಳ ಸ್ವಯಂಸೇವಕರ ಕೈಯಲ್ಲಿ ಬೆಳೆದ ಇದು ಸಂಪೂರ್ಣ ಉಚಿತ. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನನ್ನ ತಪ್ಪಿನ ಪರಿಣಾಮವಾಗಿ ನಮ್ಮ ಹುಡುಗ ನಾಲ್ಕು ತಿಂಗಳು ಇದರಲ್ಲಿಯೇ, ಬರಿಯ ಕೀಲಿಮಣೆಯ ಮೇಲೆ ಅಭ್ಯಾಸ ಮಾಡಿದ. ಅದು ಒಳ್ಳೆಯದೇ ಆಯಿತು. ತನಗೆ ಏನು ಬೇಕು, ಏನು ಬೇಡ ಎಂಬುದು ಅವನಿಗೆ ಆ ಅವಧಿಯಲ್ಲಿ ತಿಳಿಯಿತು. ಮುಂದೆ ಕ್ಲಬ್ಬುಗಳಲ್ಲಿ ನುಡಿಸುವ ಆಸೆಯುಳ್ಳವರು ರೆಕಾರ್ಡ್‌ಬಾಕ್ಸನ್ನು ಕಲಿಯುವುದು ಮೇಲು; ಏಕೆಂದರೆ ಅಲ್ಲಿ ಹೆಚ್ಚಾಗಿ ಇರುವುದು ಪಯೊನಿಯರ್ ಯಂತ್ರಗಳು, ಹಾಡುಗಳನ್ನು ಈ ತಂತ್ರಾಂಶದಲ್ಲಿ ಸಿದ್ಧಮಾಡಿ ಬೆರಳುದ್ದದ ಒಂದು ಯು.ಎಸ್.ಬಿ. ಕಡ್ಡಿಯಲ್ಲಿ ತುಂಬಿಕೊಂಡು ಹೋದರೆ ಸಾಕು. ತಟ್ಟೆಯನ್ನು ಹಿಂದೆಮುಂದೆ ಉಜ್ಜುವ ಸ್ಕ್ರಾಚ್ ಕಲೆಯಲ್ಲಿ ಮನಸ್ಸುಳ್ಳವರು ಸೆರಾಟೊವನ್ನು ಮೆಚ್ಚುತ್ತಾರೆ. ಬರ್ಲಿನ್ನಿನ ಟ್ರಾಕ್ಟರ್, ವರ್ಚುಯಲ್ ಡಿ.ಜೆ. ಮೊದಲಾದವಕ್ಕೂ ಭಕ್ತರುಂಟು. ಇವುಗಳಲ್ಲಿ ಯಾವುದು ದೊಡ್ಡದು ಎಂಬ ವಾದ ಪಂಪ ದೊಡ್ಡವನೋ ರನ್ನ ದೊಡ್ಡವನೋ ಎಂಬ ನಮ್ಮ ವಾದಗಳಂತೆಯೇ ಮುಗಿಯುವಂಥದಲ್ಲ.

ಕಂಟ್ರೋಲರಿನಲ್ಲಿ ನೋಡಬೇಕಾದುದು ಗುಂಡಿಗಳ ಸಂಖ್ಯೆಯನ್ನಲ್ಲ. ಎಲ್ಲಕ್ಕಿಂತ ಮುಖ್ಯ, ಅದರೊಳಗೆ ಧ್ವನಿಯ ಕಾರ್ಡ್ ಇದೆಯೆ ಎಂಬುದು. ಜನ ಕೇಳುತ್ತಿರುವುದು ಒಂದು ಹಾಡು, ಡಿ.ಜೆ. ತನ್ನ ಕಿವಿಯಲ್ಲಿ ಸಿದ್ಧಪಡಿಸಿಕೊಳ್ಳುತ್ತಿರುವುದು ಮುಂದಿನ ಹಾಡು. ಎರಡೂ ಏಕಕಾಲದಲ್ಲಿ ಬೇರೆಬೇರೆ ದಾರಿಯಲ್ಲಿ ಹೊರಬರಬೇಕಾದರೆ ಎಡಬಲಗಳ ಎರಡು ಜೋಡಿ, ಎಂದರೆ ನಾಲ್ಕು ವಾಹಿನಿ ಬೇಕು. ಸಾಧಾರಣ ಗಣಕದ ಒಂದೇ ಹೆಡ್‌ಫೋನ್ ರಂಧ್ರ ಎರಡನ್ನಷ್ಟೇ ಕೊಡುತ್ತದೆ. ಪಯೊನಿಯರಿನ ಡಿ.ಡಿ.ಜೆ.-200ರಂಥ ತೀರ ಅಗ್ಗದ ಉಪಕರಣಗಳಲ್ಲಿ ಈ ಕಾರ್ಡ್ ಇರುವುದಿಲ್ಲ; ಕವಲೊಡೆದ ತಂತಿಯೊಂದನ್ನು ಸಿಕ್ಕಿಸಿ ಒಂದು ಕವಲಿನಲ್ಲಿ ಜನರಿಗೆ, ಇನ್ನೊಂದರಲ್ಲಿ ತನಗೆ ಹಂಚಿಕೊಳ್ಳಬೇಕು. ಕೊನೆಗೆ ನಾವು ಕೊಂಡದ್ದು ಅದೇ ಹೆಸರಿನ ಡಿ.ಡಿ.ಜೆ.-ಎಫ್.ಎಲ್.ಎಕ್ಸ್.4, ಅದರಲ್ಲಿ ಕಾರ್ಡ್ ಇದೆ, ರೆಕಾರ್ಡ್‌ಬಾಕ್ಸ್ ಸೆರಾಟೊ ಎರಡಕ್ಕೂ ಹೊಂದುತ್ತದೆ. ಫ್ರಾನ್ಸಿನ ಹರ್ಕ್ಯುಲಿಸ್ ಕಂಟ್ರೋಲರುಗಳೂ ಕಲಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದಾಗಿರಲಿ, ತಂತಿಯದ್ದೇ ಆಗಿರಲಿ. ತಂತಿಯಿಲ್ಲದ ಬ್ಲೂಟೂತಿನಲ್ಲಿ ನಾದ ತಡವಾಗಿ ಕಿವಿ ಮುಟ್ಟುತ್ತದೆ. ತಾಳ ಹಾಕುವವನಿಗೆ ಆ ತಡ ಸಾಕು, ಕೆಡಲು.

ತಡದ ಮಾತು ಬಂದಿತಾಗಿ ಇನ್ನೊಂದು. ಗಣಕ ನಾದವನ್ನು ಸೆಕೆಂಡಿಗೆ 44,100 ಬಿಂದುಗಳಾಗಿ ಎಣಿಸುತ್ತ, ಅವನ್ನು ಸಣ್ಣ ಸಣ್ಣ ಕಂತೆ ಕಟ್ಟಿ ಹೊರಗೆ ಕಳಿಸುತ್ತದೆ. 512 ಬಿಂದುಗಳ ಒಂದು ಕಂತೆಗೆ ಸುಮಾರು 12 ಮಿಲಿಸೆಕೆಂಡು. ಕಂತೆ ಚಿಕ್ಕದಾದಷ್ಟೂ ಗಾಲಿ ಮುಟ್ಟಿದೊಡನೆ ನಾದ ಸ್ಪಂದಿಸುತ್ತದೆ. ಆದರೆ ಗಣಕ ಅಶಕ್ತವಾಗಿದ್ದರೆ ಕಂತೆ ಕಟ್ಟಲು ಸಮಯ ಸಾಲದೆ ಹಾಡಿನ ನಡುವೆ ಚಿಟಿಚಿಟಿ ಸದ್ದು ಹುಟ್ಟುತ್ತದೆ. ಆಗ ಕಂತೆಯನ್ನು ಒಂದು ಮೆಟ್ಟಿಲು ದೊಡ್ಡದು ಮಾಡಿದರಾಯಿತು, ಹೊಸ ಗಣಕವನ್ನೇ ಕೊಳ್ಳಬೇಕಾಗಿಲ್ಲ. ನುಡಿಸುವಾಗ ವೈ-ಫೈ ಆರಿಸಿ, ಗಣಕ ನಿದ್ದೆಹೋಗದಂತೆ ವ್ಯವಸ್ಥೆ ಮಾಡಿ, ಒಂದು ಹೆಚ್ಚಿನ ಯು.ಎಸ್.ಬಿ. ತಂತಿಯನ್ನು ಚೀಲದಲ್ಲಿಟ್ಟುಕೊಳ್ಳಿ.

ಹಾಡುಗಳ ವಿಷಯದಲ್ಲಿ ನಾನು ಹಳೆಯ ಕಾಲದವನು. ಪುಸ್ತಕವಾಗಲಿ ಹಾಡಾಗಲಿ ಸ್ವಂತದ್ದಾಗಿರಬೇಕು. ಬಾಡಿಗೆಯ ಸಂಗೀತ ಮಾಲೀಕನ ಮರ್ಜಿಯದು. ಸ್ಪಾಟಿಫೈ 2020ರಲ್ಲಿ ಡಿ.ಜೆ. ತಂತ್ರಾಂಶಗಳಿಂದ ಹಿಂದೆಗೆದಾಗ ಅದನ್ನೇ ನಂಬಿದವರ ಪೆಟ್ಟಿಗೆ ಬರಿದಾಯಿತು. ಮತ್ತೆ ಕೆಲವಕ್ಕೆ ಅದು ಮರಳಿದ್ದು 2025ರಲ್ಲಿ. ಹಣ ಕೊಟ್ಟು ಕೊಂಡು ಇಳಿಸಿಕೊಂಡ ಇನ್ನೂರು ಹಾಡುಗಳನ್ನು ಚೆನ್ನಾಗಿ ಬಲ್ಲವನು, ಲಕ್ಷ ಹಾಡುಗಳ ಬಾಗಿಲಲ್ಲಿ ನಿಂತವನಿಗಿಂತ ವಾಸಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ 2000ದ ನಿಯಮಾವಳಿಯನ್ನು ನಾನು ಹುಡುಗನಿಗೆ ಓದಿ ಹೇಳಿದ್ದೇನೆ. ಅಷ್ಟರ ಮಟ್ಟಿಗೆ ನನ್ನ ಗಣೇಶನ ಲಾರಿಯ ಸಿಟ್ಟೂ ತೀರಿತು.

ಕಡೆಗೆ ಸಿಂಕ್ ಎಂಬ ಗುಂಡಿಯ ಸಂಗತಿ. ಇದನ್ನು ಒತ್ತಿದರೆ ಎರಡು ಹಾಡುಗಳ ಕಾಲ ತಾನಾಗಿಯೇ ಒಂದಾಗುತ್ತದೆ. ಇದು ಮೋಸವೆಂದು ಕೆಲವರು, ಇದರಿಂದ ಕೈ ಬೇರೆ ಕೆಲಸಕ್ಕೆ ಬಿಡುವಾಗುತ್ತದೆಂದು ಕೆಲವರು. ಕಳೆದ ವರ್ಷ ನಮ್ಮ ನೆಂಟರ ಮನೆಯ ಆರತಕ್ಷತೆಗೆ ಹಾಡು ಹಾಕಲು ಹುಡುಗನನ್ನು ಕೇಳಿದರು. ಹಿರಿಯರ ಒತ್ತಾಯಕ್ಕಾಗಿ 1970ರ ದಶಕದ ಒಂದು ಕನ್ನಡ ಚಿತ್ರಗೀತೆ ಸೇರಬೇಕಾಯಿತು. ತಂತ್ರಾಂಶ ಹಾಡಿನ ಮೇಲೆ ಸಮಾನ ಅಂತರದ ಗೆರೆಗಳನ್ನು ಎಳೆದು ಪೆಟ್ಟುಗಳನ್ನು ಗುರುತಿಸುತ್ತದಷ್ಟೆ. ಮೊದಲ ಎರಡು ಆವರ್ತ ಗೆರೆಯೂ ಪೆಟ್ಟೂ ಕೂಡಿದವು, ಪಲ್ಲವಿ ಮುಗಿಯುವ ಹೊತ್ತಿಗೆ ಗೆರೆ ಒಂದು ಕಡೆ, ತಬಲಾ ಇನ್ನೊಂದು ಕಡೆ. ಸಿಂಕ್ ಒತ್ತಿದರೆ ಎರಡು ಹಾಡುಗಳೂ ಒಂದನ್ನೊಂದು ತುಳಿದಾಡಿದವು. "ಈ ಹಾಡೇ ಸರಿಯಿಲ್ಲ" ಎಂದು ಹುಡುಗ ರೇಗಿದ. ಹಾಡು ಸರಿಯಾಗಿಯೇ ಇತ್ತು. ಯಂತ್ರದ ಪೆಟ್ಟಿಗೆ ಕಟ್ಟುಬೀಳದೆ ವಾದ್ಯಗಾರರೆಲ್ಲ ಕೂಡಿ ಕುಳಿತು ನುಡಿಸಿದ ಹಾಡು ಅದು. ಚರಣಕ್ಕೆ ಬಂದಾಗ ಒಂದು ಕೂದಲೆಳೆಯಷ್ಟು ಮುಂದಾಗಿದ್ದರು.

ಮೂರು ಸಂಜೆ ಅವನು ಪರದೆಯನ್ನು ಅರ್ಧ ಮುಚ್ಚಿ, ಸಿಂಕನ್ನು ಆರಿಸಿ, ಒಂದು ಕಿವಿಯಲ್ಲಿ ಹೆಡ್‌ಫೋನ್ ಇಟ್ಟುಕೊಂಡು ಅಭ್ಯಾಸ ಮಾಡಿದ. ಎದುರಿಗೆ ಕುಳಿತು ಮೇಜಿನ ಮೇಲೆ ತಾಳ ಹಾಕುವ ಕೆಲಸ ನನ್ನದಾಯಿತು. ಗಾಲಿಯ ಅಂಚನ್ನು ಬೆರಳಿನಿಂದ ಒಂದಿಷ್ಟು ಮುಂದಕ್ಕೆ ತಳ್ಳುವುದು, ಮತ್ತೆ ತಡೆಯುವುದು. ಕುಂಬಾರ ತಿಗರಿಯ ಮೇಲೆ ಕೈಯಿಟ್ಟಂತೆ. ಆರತಕ್ಷತೆಯ ದಿನ ಆ ಹಳೆಯ ಹಾಡಿನಿಂದ ಹೊಸದಕ್ಕೆ ದಾಟುವಾಗ ಒಂದೆರಡು ಪೆಟ್ಟು ಜೋಡಿಯಾಗಿ ಕೇಳಿದವು, ಕೂಡಲೇ ಕೂಡಿಕೊಂಡವು. ಕುಣಿಯುತ್ತಿದ್ದವರಾರಿಗೂ ಅದು ತಿಳಿಯಲಿಲ್ಲ. ಅವನಿಗೆ ತಿಳಿಯಿತು, ತಲೆಯೆತ್ತಿ ಸಭೆಯಲ್ಲಿ ನಾನೆಲ್ಲಿದ್ದೇನೆಂದು ಹುಡುಕಿದ.