ಬಿಳುಪಿನ ಡಬ್ಬಿಯೊಳಗಿನ ಪಾದರಸ



ಪಾದರಸವೆಂದೊಡನೆ ಬೆಟ್ಟಸೀಮೆಯ ಜನರಿಗೆ ನೆನಪಾಗುವುದು ಕೊಡೈಕೆನಾಲ್. ಅಲ್ಲಿಯ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಬೆರೆತ ಗಾಜಿನ ಚೂರುಗಳು ಗುಜರಿ ಅಂಗಡಿಯಲ್ಲಿ ಪತ್ತೆಯಾಗಿ, ಜನರ ಪ್ರತಿಭಟನೆಯ ತರುವಾಯ 2001ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ಲೋಹವು ಯಾವ ಕಾರ್ಖಾನೆಯೂ ಇಲ್ಲದ ಊರಿಗೆ ಅಂಗೈಯಗಲದ ಡಬ್ಬಿಯೊಂದರಲ್ಲಿ ಬರಬಲ್ಲುದೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ರಾಯಚೂರು ಸುಡುಬಿಸಿಲಿನ ನಾಡು. ದೇವದುರ್ಗದ ಹತ್ತಿಯ ಹೊಲಗಳಲ್ಲಿ, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ದಿನವಿಡೀ ದುಡಿಯುವ ಹೆಣ್ಣುಮಕ್ಕಳ ಮುಖ ಕಪ್ಪಾಗುವುದು ಸಹಜ. ಅದು ದೋಷವಲ್ಲ, ಬಿಸಿಲಿನಿಂದ ಚರ್ಮ ತನ್ನನ್ನು ತಾನೇ ಕಾಪಾಡಿಕೊಳ್ಳುವ ಬಗೆ. ಆದರೆ ಹೆಣ್ಣು ನೋಡಲು ಬಂದವರು ಇದನ್ನು ಒಪ್ಪುವುದು ಅಪರೂಪ. ಬಿಳುಪಿನ ಕ್ರೀಮಿನ ವ್ಯಾಪಾರ ನಿಂತಿರುವುದೇ ಈ ಒಂದು ಅಂಜಿಕೆಯ ಮೇಲೆ.

ಬಿಸಿಲಷ್ಟೇ ಕಾರಣವೂ ಅಲ್ಲ. ಇದೇ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಶಿಲೆಗಳಲ್ಲಿ ಆರ್ಸೆನಿಕ್ ಇದೆ. ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನಲ್ಲಿ, ಮಂಗಳೂರು ಎಂಬ ಹಳೆಯ ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ, ಕೊಳವೆಬಾವಿಯ ನೀರು ಕುಡಿದವರ ಚರ್ಮದ ಮೇಲೆ ಆರ್ಸೆನಿಕ್‌ನ ಲಕ್ಷಣಗಳು ಕಂಡುಬಂದುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. ಮೈಮೇಲೆ ಕಪ್ಪು ಚುಕ್ಕೆಗಳೇಳುವುದು, ಅಂಗೈ ಅಂಗಾಲು ಗಡುಸಾಗುವುದು ಆ ವಿಷದ ಗುರುತು. ಇಂತಹ ಕಲೆಗೆ ನೀರನ್ನು ಪರೀಕ್ಷಿಸಬೇಕಾದಲ್ಲಿ ಮುಖಕ್ಕೆ ಕ್ರೀಮು ಹಚ್ಚಿದರೆ, ಒಂದು ವಿಷದ ಮೇಲೆ ಇನ್ನೊಂದನ್ನು ಬಳಿದಂತಾಗುತ್ತದೆ.

ಪಾದರಸ ಕೆಲಸ ಮಾಡುವ ರೀತಿ ಸರಳ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಬೇಕಾದ ಕಿಣ್ವವನ್ನು ಅದು ತಡೆಯುತ್ತದೆ. ಕೆಲವೇ ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಅಷ್ಟರಲ್ಲಿ ಲೋಹವು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಸೇರಿರುತ್ತದೆ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ರೋಗದ 22 ಪ್ರಕರಣಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 15 ವಿರಳವಾದೊಂದು ಗುಂಪಿಗೆ ಸೇರಿದವು; ಆ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚಿಕೊಂಡವರು. ಬಳಕೆ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರೆಂಬುದು ಸಮಾಧಾನದ ಸಂಗತಿ.

ಒಂದು ಕಾಲಕ್ಕೆ ಪಾದರಸದ ಮುಲಾಮನ್ನು ವೈದ್ಯರೇ ಬರೆದುಕೊಡುತ್ತಿದ್ದರು. ಸುರಕ್ಷಿತವೆಂಬ ಮಾತು ಆಯಾ ಕಾಲದ ತಿಳಿವಳಿಕೆಗೆ ಸೀಮಿತ; ಆದ್ದರಿಂದಲೇ ಮರುಪರಿಶೀಲನೆ ಬೇಕಾಗುತ್ತದೆ. ಮಗುವಿನ ಪೌಡರಿನ ಟಾಲ್ಕ್ ಇದಕ್ಕೆ ಇನ್ನೊಂದು ನಿದರ್ಶನ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2024ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವಾಗಿರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿತು. ಸ್ಟೀರಾಯ್ಡ್ ಬೆರೆತ ಮುಲಾಮುಗಳ ಕಥೆಯೂ ಹೀಗೆಯೇ. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ಬಿಗಿಗೊಳಿಸಿತು.

ಹಾಗೆಂದು ಹಳೆಯದೆಲ್ಲವೂ ನಿರಪಾಯವೆಂದು ತಿಳಿಯುವಂತಿಲ್ಲ. ಇಂಗಳೀಕವೆಂದರೆ ಪಾದರಸದ ಅದಿರು. ಸಿಂಧೂರವೆಂಬ ಹೆಸರು ಕೆಂಪು ಸೀಸಕ್ಕೂ ಸಲ್ಲುತ್ತದೆ. ರಾಯಚೂರಿನ ಮನೆಗಳಲ್ಲೂ ಪರಿಚಿತವಾದ ಸುರ್ಮಾ ಹಲವೊಮ್ಮೆ ಸೀಸದ ಅದಿರಿನ ಪುಡಿಯೇ ಆಗಿರುತ್ತದೆ. ಹಸುಗೂಸುಗಳ ಕಣ್ಣಿಗೆ ಅದು ತಕ್ಕುದಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪಾಗಿಸಿದ ಕುಂಕುಮದ ಮಾತು ಬೇರೆ. ಮಲೆನಾಡಿನವರು ಬಲ್ಲ ಕುಂಕುಮದ ಮರದ ಕಾಯಿಯ ಕೆಂಪು ಪುಡಿಯೂ ಬೇರೆ. ಕಣ್ಣಿಗೆ ಮಾತ್ರ ಎಲ್ಲವೂ ಒಂದೇ ಕೆಂಪು.

ಕಾನೂನು ಇಲ್ಲವೆಂದಲ್ಲ. 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳು ಪಾದರಸದ ಸಂಯುಕ್ತಗಳನ್ನು ಬೆರೆಸುವುದನ್ನು ನಿಷೇಧಿಸಿದವು. ಅರಿಯದೆ ಸೇರಿದ ಅಂಶಕ್ಕೂ ಕಣ್ಣಿನ ಪ್ರಸಾಧನಗಳಲ್ಲಿ ದಶಲಕ್ಷಕ್ಕೆ 70 ಭಾಗ, ಉಳಿದವುಗಳಲ್ಲಿ 1 ಭಾಗದ ಮಿತಿ ಹಾಕಿದವು. ಮಿನಮಾಟ ಒಡಂಬಡಿಕೆಗೆ ಭಾರತ 2018ರಲ್ಲಿ ಒಪ್ಪಿಗೆ ನೀಡಿತು. 2023ರ ಸಮಾವೇಶವು ಪಾದರಸ ಬೆರೆಸಿದ ಪ್ರಸಾಧನಗಳೆಲ್ಲ 2025ರೊಳಗೆ ಕೊನೆಗೊಳ್ಳಬೇಕೆಂದು ತೀರ್ಮಾನಿಸಿತು. ಆದರೆ ತಯಾರಕನ ವಿಳಾಸವೇ ಇಲ್ಲದ ಡಬ್ಬಿಗೆ ಯಾವ ನಿಯಮವನ್ನು ಅನ್ವಯಿಸುವುದು? ಸಂತೆಯ ಅಂಗಡಿಯವನಿಗೂ ಅದರಲ್ಲಿರುವುದೇನೆಂದು ತಿಳಿದಿರುವುದಿಲ್ಲ. ಅವನೊಬ್ಬನನ್ನೇ ದೂರಿ ಫಲವಿಲ್ಲ.

ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ, ತಯಾರಕನ ವಿಳಾಸ, ಪದಾರ್ಥಗಳ ಪಟ್ಟಿ, ಬಳಕೆಯ ಅವಧಿ ಇರಲೇಬೇಕು. ಇಲ್ಲದಿದ್ದರೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಬಹುದು. ಪಟ್ಟಿಯಲ್ಲಿ ಕ್ಯಾಲೊಮೆಲ್ ಅಥವಾ ಮರ್ಕ್ಯುರಿ ಎಂದಿದ್ದರೆ ಅದು ಪಾದರಸವೇ. ಇಂತಹ ಕ್ರೀಮು ಬಳಸಿದವರ ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ನಿಂತರೆ, ಡಬ್ಬಿಯನ್ನೂ ಜೊತೆಗೊಯ್ದು ವೈದ್ಯರಿಗೆ ತೋರಿಸಬೇಕು. ಅದನ್ನು ಒಲೆಗೆ ಹಾಕಬಾರದು. ಪಾದರಸ ಆವಿಯಾಗಿ ಮನೆಮಂದಿಯ ಉಸಿರಿಗೆ ಸೇರುತ್ತದೆ. ಹಳ್ಳಕ್ಕೂ ಎಸೆಯಬಾರದು, ಅಲ್ಲಿಂದ ಅದು ಮೀನಿಗೇರಿ ಮರಳಿ ಊಟದ ತಟ್ಟೆಗೆ ಬರುತ್ತದೆ.