ಯಾರ್ಕ್‌ಟೌನಿನಲ್ಲಿ ಸೋತವನು ಬೆಂಗಳೂರಿನಲ್ಲಿ ಗೆದ್ದುದೇಕೆ?
(ಬೂದಿಗೆರೆಯಲ್ಲಿ ಮಾಡಿದ ಭಾಷಣ)



ತಮ್ಮ ಊರಿಗೆ ಒಂದು ಕಡೆ ದೇವನಹಳ್ಳಿ, ಇನ್ನೊಂದು ಕಡೆ ಹೊಸಕೋಟೆ. 1791ರಲ್ಲಿ ಈ ಎರಡು ಸ್ಥಳಗಳೂ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿದವು. ಅದಕ್ಕೆ ಹತ್ತು ವರ್ಷಗಳ ಹಿಂದೆ, 1781ರ ಅಕ್ಟೋಬರ್ 19ರಂದು, ಅಮೆರಿಕೆಯ ಯಾರ್ಕ್‌ಟೌನಿನಲ್ಲಿ ಏಳು ಸಾವಿರಕ್ಕೂ ಮಿಕ್ಕ ದಂಡಿನೊಡನೆ ಶರಣಾಗತನಾದ ಸೇನಾಪತಿಯೂ ಆತನೇ. ಅಲ್ಲಿ ಸೋತವನು ಇಲ್ಲಿ ಗೆದ್ದುದೇಕೆಂಬುದನ್ನು ಇಂದು ವಿಚಾರಿಸೋಣ.

ಅಮೆರಿಕೆಯ ಹದಿಮೂರು ವಸಾಹತುಗಳ ಹಿತಗಳು ಒಂದೇ ಆಗಿರಲಿಲ್ಲ. ಆದರೂ ಆಪತ್ಕಾಲದಲ್ಲಿ ಅವು ಒಂದು ಮಹಾಸಭೆಯನ್ನೂ ಒಬ್ಬ ದಂಡನಾಯಕನನ್ನೂ ಒಪ್ಪಿಕೊಂಡವು. 1777ರಲ್ಲಿ ಕೆನಡದಿಂದ ಇಳಿದುಬಂದ ಆಂಗ್ಲಸೈನ್ಯವು ಸಾರಟೋಗದಲ್ಲಿ ಶರಣಾಯಿತು. ಮರುವರ್ಷವೇ ಫ್ರೆಂಚರು ಅಮೆರಿಕನ್ನರ ಮಿತ್ರರಾದರು. ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನನೂ ಫ್ರೆಂಚರೂ ನೆಲವನ್ನು ಮುತ್ತಿದರು; ಫ್ರೆಂಚರ ನೌಕಾಬಲವು ಕಡಲನ್ನು ಕಟ್ಟಿತು. ಕಾರ್ನ್‌ವಾಲಿಸನಿಗೆ ನೆರವು ಬರುವ ದಾರಿಯೇ ಉಳಿಯಲಿಲ್ಲ. ಆಂಗ್ಲರು 1814ರಲ್ಲಿ ಮತ್ತೆ ಬಂದು ವಾಷಿಂಗ್ಟನ್ ನಗರದ ರಾಜಭವನವನ್ನು ಸುಟ್ಟರು. ಆದರೆ 1815ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಸೋತರು. ಆ ನೆಲವು ಅವರಿಗೆ ದಕ್ಕಲಿಲ್ಲ.

ಇನ್ನು ನಮ್ಮ ನಾಡಿನ ಕಥೆ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆ ಬಿದ್ದಿತು. ಕಿಲ್ಲೇದಾರ ಬಹಾದೂರ್ ಖಾನನು ಹೋರಾಡುತ್ತಲೇ ಮಡಿದನು. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಕಾರ್ನ್‌ವಾಲಿಸನ ಗತಿ ಕೆಟ್ಟಿತು. ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು, ದಂಡಿಗೆ ಅನ್ನಕ್ಕೆ ತತ್ವಾರವಾಯಿತು. ಎಳೆಯುವ ಎತ್ತುಗಳಿಲ್ಲದೆ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದನು. ಇದು ಆತನಿಗೆ ಎರಡನೆಯ ಯಾರ್ಕ್‌ಟೌನ್ ಆಗಬಹುದಾಗಿತ್ತು.

ಆಗಲಿಲ್ಲವೇಕೆ? ದಾರಿಯಲ್ಲಿ ಹರಿಪಂತ, ಪರಶುರಾಮಭಾವು ಇವರ ಮರಾಠಾ ಸೈನ್ಯವು ಎದುರಾಗಿ, ಅದರ ಬಜಾರಿನಲ್ಲಿ ಹಸಿದ ಆಂಗ್ಲರಿಗೆ ಧಾನ್ಯ ದೊರೆಯಿತು. ಪರಶುರಾಮಭಾವು ಆಗತಾನೆ ನಮ್ಮ ಧಾರವಾಡವನ್ನು ಗೆದ್ದು ಬಂದಿದ್ದನು. ನಿಜಾಮನ ಕುದುರೆಸೈನ್ಯವೂ ಆಂಗ್ಲರ ಜೊತೆಗಿದ್ದಿತು. ಟೀಪುವಿಗೆ ಫ್ರೆಂಚರ ನೆರವು ಬರಲಿಲ್ಲ. 1792ರ ಒಪ್ಪಂದದಲ್ಲಿ ಅರ್ಧರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯೂ ಹೋದವು. ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾದರು.

ಮರಾಠರನ್ನು ಜರೆಯುವುದಕ್ಕಾಗಿ ನಾವಿದನ್ನು ಹೇಳುತ್ತಿಲ್ಲ. ಹೈದರನೂ ಟೀಪುವೂ ನೆರೆಯವರೊಡನೆ ಕಾದಾಡಿದವರೇ; ದೋಷವು ಒಂದೇ ಕಡೆಯದಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಪೇಶ್ವೆಯ ರಾಜ್ಯವೂ ಕುಂಪಣಿಯ ಪಾಲಾಯಿತಷ್ಟೆ!

ಇದರ ದಂಡವನ್ನು ತೆತ್ತುದು ಕನ್ನಡನಾಡು. 1799ರಲ್ಲಿ ಟೀಪು ಮಡಿದ ಬಳಿಕ ಕೆನರಾ ಸೀಮೆಯು ಕುಂಪಣಿಗೆ ಸೇರಿತು. 1800ರಲ್ಲಿ ಬಳ್ಳಾರಿಯ ಸೀಮೆಯನ್ನು ನಿಜಾಮನು ಅದಕ್ಕೇ ಒಪ್ಪಿಸಿದನು. 1818ರಲ್ಲಿ ಧಾರವಾಡವೂ ಹೋಗಿ, ಮುಂದೆ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1834ರಲ್ಲಿ ಕೊಡಗು ಹೋಯಿತು. 1862ರಲ್ಲಿ ಕೆನರಾವನ್ನೇ ಸೀಳಿ ಅದರ ಉತ್ತರಭಾಗವನ್ನು ಮುಂಬಯಿಗೆ ಕೊಟ್ಟರು. ಒಂದು ನುಡಿಯ ಮಕ್ಕಳು ಮದರಾಸು, ಮುಂಬಯಿ, ಹೈದರಾಬಾದು, ಕೊಡಗು, ಮೈಸೂರುಗಳಲ್ಲಿ ಚದರಿಹೋದರು. ಈ ತುಂಡುಗಳು ಕೂಡಲು 1956ರ ನವೆಂಬರ್ 1 ಬರಬೇಕಾಯಿತು. ಅಂದೂ ಕಾಸರಗೋಡು ಹೊರಗುಳಿಯಿತು.

ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ. ದೇವನಹಳ್ಳಿಯ ಕೋಟೆಯನ್ನು ಮಕ್ಕಳಿಗೆ ತೋರಿಸುವಾಗ ಯಾರು ಗೆದ್ದರೆಂದಷ್ಟೇ ಹೇಳಬೇಡಿರಿ. ಹಸಿದ ಶತ್ರುವಿಗೆ ಧಾನ್ಯವು ಎಲ್ಲಿಂದ ಬಂದಿತೆಂಬುದನ್ನೂ ಹೇಳಿರಿ. ಒಂದಾದ ನಾಡನ್ನು ಒಂದಾಗಿ ಇರಿಸಿಕೊಳ್ಳುವ, ನೆರೆಯ ನಾಡುಗಳೊಡನೆ ಸ್ನೇಹದಿಂದ ಬಾಳುವ ಬುದ್ಧಿಯು ಅವರಲ್ಲಿ ಮೂಡಲಿ.