ಹೊಸ ಕಾದಂಬರಿಯ ದಾರಿ ಕಾದವರು



ಮೆಚ್ಚಿನ ಲೇಖಕರ ಹೊಸ ಕಾದಂಬರಿ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಓದುಗರಿಗಾಗುವ ಸಂತೋಷ ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ದಾಖಲಾಗುವುದು ಅಪರೂಪ. ಅಲ್ಲಿ ಲೇಖಕರಿರುತ್ತಾರೆ, ಕೃತಿಗಳಿರುತ್ತವೆ. ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂದು ಕಾಲವನ್ನು ಅಚ್ಚುಕಟ್ಟಾಗಿ ತುಂಡರಿಸಿ ಇಟ್ಟಿರುತ್ತಾರೆ. ಆದರೆ ಶಿವಮೊಗ್ಗೆಯಲ್ಲೋ ಗದುಗಿನಲ್ಲೋ ಮಧ್ಯಾಹ್ನದ ಕೆಲಸ ಮುಗಿಸಿ, ಮಕ್ಕಳು ಶಾಲೆಯಿಂದ ಬರುವಷ್ಟರೊಳಗೆ ಐವತ್ತು ಪುಟ ಮುಗಿಸಬೇಕೆಂದು ನಡುಮನೆಯ ಕಂಬಕ್ಕೆ ಒರಗಿ ಕುಳಿತ ಗೃಹಿಣಿ ಇವುಗಳಲ್ಲಿ ಯಾವ ಪಂಥಕ್ಕೂ ಸೇರಿದವಳಲ್ಲ. ಅವಳು ಕೇಳುತ್ತಿದ್ದುದು ಎರಡೇ ಪ್ರಶ್ನೆ. ತ್ರಿವೇಣಿಯವರದು ಹೊಸದು ಬಂತೆ? ಬಂದಿಲ್ಲವಾದರೆ ಅಲ್ಲಿಯವರೆಗೆ ಯಾವುದನ್ನು ಓದುವುದು? ಕನ್ನಡ ಕಾದಂಬರಿ ಬೆಳೆದದ್ದರಲ್ಲಿ ಈ ಎರಡು ಪ್ರಶ್ನೆಗಳ ಪಾಲು ಸಣ್ಣದೇನಲ್ಲ.

‘ಮುಂದೇನು ಓದುವುದು’ ಎಂಬ ಚಿಂತೆ ಹುಟ್ಟಬೇಕಾದರೆ ಮೊದಲು ಓದಲು ಏನಾದರೂ ಇರಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕನ್ನಡದಲ್ಲಿ ಅದೇ ಇರಲಿಲ್ಲ. ಆ ಕೊರತೆಯನ್ನು ತುಂಬಿಕೊಟ್ಟವರು ಬಿ. ವೆಂಕಟಾಚಾರ್ಯರು (1845–1914). ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರಾಗಿದ್ದ ಈ ಮನುಷ್ಯ ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಕನ್ನಡಕ್ಕೆ ತಂದರು. ಬಂಕಿಮರು ಕನ್ನಡಿಗರಿಗೆ ಪರಭಾಷೆಯವರೆಂದು ಅನಿಸಲೇ ಇಲ್ಲ. ಬೇರೊಂದು ಭಾಷೆಯ ಲೇಖಕ ಕನ್ನಡ ಓದುಗರ ಮೊದಲ ‘ಮೆಚ್ಚಿನ ಕಾದಂಬರಿಕಾರ’ನಾದದ್ದು ಹೀಗೆ. ಉತ್ತರ ಕರ್ನಾಟಕದಲ್ಲಿ ಅದೇ ಕೆಲಸ ಮರಾಠಿಯ ಮೂಲಕ ನಡೆಯಿತು. ಗಳಗನಾಥರು (1869–1942) ಹರಿ ನಾರಾಯಣ ಆಪ್ಟೆಯವರನ್ನು ಕನ್ನಡಕ್ಕೆ ತಂದರು, ತಾವೂ ಬರೆದರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಓದುಗರನ್ನು ಬೆಳೆಸಿದರು. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಲೇಖಕರು ಅವರು. ಓದುಗ ದಾರಿ ಕಾಯುವ ಮೊದಲು ಲೇಖಕನೇ ಓದುಗನ ಮನೆಯ ದಾರಿ ಹುಡುಕಿಕೊಂಡು ಹೋಗಬೇಕಾಗಿದ್ದ ಕಾಲ ಅದು.

ಧಾರವಾಡದಲ್ಲಿ 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯದು ಇನ್ನೊಂದು ಬಗೆ. ಬೆಟಗೇರಿ ಕೃಷ್ಣಶರ್ಮರ ‘ಸುದರ್ಶನ’ದಿಂದ ಆರಂಭವಾದ ಈ ಮಾಲೆಗೆ ವರ್ಷದ ಚಂದಾ ಕಟ್ಟಿದರೆ ಪುಸ್ತಕಗಳು ಮನೆಗೆ ಬರುತ್ತಿದ್ದವು. ಯಾವ ಪುಸ್ತಕ, ಯಾರ ಪುಸ್ತಕ ಎಂದು ಆರಿಸುವ ಹೊಣೆ ಚಂದಾದಾರನದಲ್ಲ, ಜಿ.ಬಿ. ಜೋಶಿಯವರದು. ಮುಂದೆ ಅವರೊಂದಿಗೆ ಕೀರ್ತಿನಾಥ ಕುರ್ತಕೋಟಿಯವರೂ ಸೇರಿದರು. ಇವರು ಕಳಿಸಿದ್ದನ್ನು ಓದುವುದು ಚಂದಾದಾರನ ಪಾಲಿಗೆ ಬಂದ ಕೆಲಸ. ಮೆಚ್ಚಿನ ಲೇಖಕನ ಬೆನ್ನು ಹತ್ತುವ ಓದಿಗೆ ಇದು ತೀರ ಎದುರಾದ ಪದ್ಧತಿ. ಕಥೆ ಬೇಕೆಂದು ಹಣ ಕಟ್ಟಿದವನಿಗೆ ನಾಟಕ ಬಂದೀತು, ವಿಮರ್ಶೆ ಬಂದೀತು. ಗಿರೀಶ ಕಾರ್ನಾಡರೆಂಬ ಹೊಸಬರ ‘ಯಯಾತಿ’ 1961ರಲ್ಲಿ ಬಂದದ್ದು ಈ ಮಾಲೆಯಲ್ಲೇ. 1965ರಲ್ಲಿ ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ ಬಂದದ್ದೂ ಇಲ್ಲೇ. ಆ ವರ್ಷದ ಚಂದಾದಾರರಲ್ಲಿ ಎಷ್ಟೋ ಜನ ‘ಸಂಸ್ಕಾರ’ವನ್ನು ತಾವಾಗಿ ಕೇಳಿ ಕೊಳ್ಳುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಪ್ರಾಣೇಶಾಚಾರ್ಯ ಅವರ ಮನೆಗೆ ಅಂಚೆಯಲ್ಲಿ ಬಂದಿಳಿದ; ಬಂದ ಮೇಲೆ ಓದದೆ ಇರಲಾಗಲಿಲ್ಲ. ಮುಂಗಡ ಹಣ ಕಟ್ಟಿದ ಓದುಗನ ಮೇಲಿನ ಭರವಸೆಯೇ ಪ್ರಕಾಶಕನಿಗೆ ಇಂಥ ಸಾಹಸಗಳ ಬಂಡವಾಳವಾಗಿತ್ತು.

ಆದರೆ ಬಹುಪಾಲು ಜನರ ಓದು ನಡೆದದ್ದು ಬೇರೆ ಕಡೆ, ಬೀದಿಯ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ಇಲ್ಲಿ ಸೇರಿರುವವರಲ್ಲಿ ಅನೇಕರಿಗೆ ಆ ಅಂಗಡಿ ಇನ್ನೂ ಕಣ್ಣ ಮುಂದಿದ್ದೀತು. ಹತ್ತಡಿ ಅಗಲದ ಮಳಿಗೆ, ಗೋಡೆಯುದ್ದಕ್ಕೂ ರಟ್ಟು ಕಟ್ಟಿಸಿದ ಪುಸ್ತಕಗಳು, ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ಒಂದಿಷ್ಟು ಡಿಪಾಜಿಟ್ಟು, ದಿನಕ್ಕೋ ತಿಂಗಳಿಗೋ ಇಷ್ಟೆಂದು ಬಾಡಿಗೆ. ಮಾಲೀಕ ಹೆಚ್ಚು ಓದಿದವನೆಂದೇನೂ ಇಲ್ಲ. ಆದರೆ ಯಾರ ಮನೆಗೆ ಯಾವ ಪುಸ್ತಕ ಸರಿಹೋಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಅ.ನ.ಕೃ. ಮುಗಿಸಿದವರಿಗೆ ತ.ರಾ.ಸು., ತ್ರಿವೇಣಿ ಮುಗಿಸಿದವರಿಗೆ ವಾಣಿ, ಮನೆಯ ಹುಡುಗ ಬಂದರೆ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’. ಹೊಸದು ಬಂದರೆ ಅದನ್ನು ಕೌಂಟರಿನ ಕೆಳಗಿಟ್ಟು ಬೇಕಾದವರಿಗೆ ಮಾತ್ರ ತೆಗೆದುಕೊಡುವುದು ಅವನ ಅಧಿಕಾರ. ಅದಕ್ಕಾಗಿ ಅವನೊಂದಿಗೆ ನಯವಾಗಿ ಮಾತಾಡಿಕೊಂಡಿರುವುದು ಓದುಗರ ಜಾಣತನ.

ಈ ಗ್ರಂಥಾಲಯಗಳ ದೊಡ್ಡ ತೊಡಕು ಭಾಗಗಳಿರುವ ಕಾದಂಬರಿ. ತ.ರಾ.ಸು. ಅವರ ಚಿತ್ರದುರ್ಗದ ಕಥಾಸರಣಿಯನ್ನೇ ನೋಡಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರನ್ನೂ ಇದೇ ಕ್ರಮದಲ್ಲಿ ಓದಬೇಕು. ಆದರೆ ಲೈಬ್ರರಿಯಲ್ಲಿ ಸಿಗುವುದು ‘ತಿರುಗುಬಾಣ’. ‘ರಕ್ತರಾತ್ರಿ’ ಹೊರಗೆ ಹೋಗಿದೆ, ಬೇರೆಯವರ ಕೈಯಲ್ಲಿದೆ, ಅವರು ನೆಂಟರ ಮನೆಗೆ ಹೋಗಿದ್ದಾರೆ. ಯಾರು ಯಾರನ್ನು ಕೊಂದರೆಂದು ಮೊದಲೇ ತಿಳಿದುಕೊಂಡು, ಏಕೆ ಕೊಂದರೆಂದು ಆಮೇಲೆ ಓದಿದವರು ಆ ತಲೆಮಾರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತ.ರಾ.ಸು. ದುರ್ಗವನ್ನು ಬಿಡಲೇ ಇಲ್ಲ. ಕೊನೆಗೆ 1982ರಲ್ಲಿ ‘ದುರ್ಗಾಸ್ತಮಾನ’ ಬಂತು. ಮದಕರಿನಾಯಕ ಸೋಲುತ್ತಾನೆ, 1779ರಲ್ಲಿ ಕೋಟೆ ಹೈದರಾಲಿಯ ವಶವಾಗುತ್ತದೆ ಎಂಬುದು ಶಾಲೆಯ ಹುಡುಗರಿಗೂ ತಿಳಿದ ಸಂಗತಿ. ಹೆಸರೇ ಕಥೆಯ ಕೊನೆಯನ್ನು ಹೇಳಿಬಿಡುತ್ತದೆ. ಆದರೂ ಜನ ಅದಕ್ಕಾಗಿ ಕಾದರು, ಕೋಟೆ ಬಿದ್ದಾಗ ಕಣ್ಣೊರೆಸಿಕೊಂಡರು. ಮೆಚ್ಚಿನ ಲೇಖಕನಿಂದ ಓದುಗ ಬಯಸುವುದು ಹೊಸ ಸುದ್ದಿಯನ್ನಲ್ಲ, ತನಗೆ ಪರಿಚಿತವಾದ ಆ ದನಿಯನ್ನು. ಮುಂದೆ ಎರಡೇ ವರ್ಷಕ್ಕೆ ತ.ರಾ.ಸು. ತೀರಿಕೊಂಡರು. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರಿಲ್ಲದಾಗ.

ವಾರಪತ್ರಿಕೆಗಳ ಧಾರಾವಾಹಿಗಳು ಈ ಕಾಯುವಿಕೆಗೆ ಒಂದು ಲೆಕ್ಕಾಚಾರವನ್ನು ತಂದವು. ‘ಪ್ರಜಾಮತ’, 1965ರಲ್ಲಿ ಆರಂಭವಾದ ‘ಸುಧಾ’, 1983ರಿಂದ ‘ತರಂಗ’ ಇವುಗಳಲ್ಲಿ ಕಾದಂಬರಿ ವಾರಕ್ಕೆ ನಾಲ್ಕೈದು ಪುಟದಂತೆ ಬರುತ್ತಿತ್ತು. ಮನೆಯಲ್ಲಿ ನಾಲ್ಕು ಜನ ಓದುವವರಿದ್ದರೆ ಪತ್ರಿಕೆ ಬಂದ ದಿನ ಜಗಳ ತಪ್ಪಿದ್ದಲ್ಲ. ಧಾರಾವಾಹಿ ಮುಗಿದ ಮೇಲೆ ಆ ಪುಟಗಳನ್ನೆಲ್ಲ ಕಿತ್ತು, ಜೋಡಿಸಿ, ಗೋಣಿದಾರದಲ್ಲಿ ಹೊಲಿದು ಇಟ್ಟುಕೊಳ್ಳುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಚಿತ್ರಗಾರರು ಬಿಡಿಸಿದ ನಾಯಕಿಯ ಬೆನ್ನಿಗೇ ಸೋಪಿನ ಜಾಹೀರಾತು, ಅರ್ಧ ಕತ್ತರಿಸಿಹೋದ ರಾಶಿಫಲ. ಅಂಗಡಿಯಲ್ಲಿ ಕೊಂಡ ಯಾವ ಪ್ರತಿಗೂ ಇಲ್ಲದ ಗೌರವ ಆ ಹೊಲಿಗೆಯ ಪ್ರತಿಗಿತ್ತು. ತೆಲುಗಿನ ಯಂಡಮೂರಿ ವೀರೇಂದ್ರನಾಥರು ವಂಶಿಯವರ ಅನುವಾದದಲ್ಲಿ ಕನ್ನಡದ ಮನೆಮಾತಾದದ್ದೂ ಇಂಥ ಓದಿನಿಂದಲೇ. ಬಂಕಿಮರ ಕಥೆ ನೂರು ವರ್ಷದ ಮೇಲೆ ಬೇರೆ ರೀತಿಯಲ್ಲಿ ಮರುಕಳಿಸಿತೆನ್ನಬೇಕು.

ಈ ಓದನ್ನು ವಿದ್ವಾಂಸರು ಬಹಳ ಕಾಲ ಹಗುರವಾಗಿ ಕಂಡರು. ‘ಲೈಬ್ರರಿ ಕಾದಂಬರಿ’, ‘ಹೆಂಗಸರ ಕಾದಂಬರಿ’ ಎಂದರೆ ಚರ್ಚೆ ಮುಗಿಯಿತು. ಇದು ಅನ್ಯಾಯ. ಕಳಪೆ ಪುಸ್ತಕಗಳು ಬಂದದ್ದು ನಿಜ. ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅ.ನ.ಕೃ. ಅವರದೇ ಎಲ್ಲವೂ ಒಂದೇ ತೂಕದವಲ್ಲ. ಆದರೆ ‘ಸಂಧ್ಯಾರಾಗ’ವನ್ನು ಓದಿದವನು ಅವರ ಸಾಧಾರಣ ಪುಸ್ತಕವನ್ನೂ ಕ್ಷಮಿಸಿ, ಮುಂದಿನದಕ್ಕೆ ಕಾಯುತ್ತಿದ್ದ. ಮೆಚ್ಚುಗೆ ಎಂದರೆ ಸೋಲಿಗೂ ಅವಕಾಶ ಕೊಡುವುದು. ವಿಮರ್ಶಕನಿಗಿಲ್ಲದ ಈ ತಾಳ್ಮೆ ಬಾಡಿಗೆ ಕೊಟ್ಟು ಓದುವವನಿಗಿತ್ತು. ಇನ್ನು ಹೆಂಗಸರ ಮಾತು. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ತನಗಾಗಿ, ತನ್ನ ಇಚ್ಛೆಯಂತೆ ಆರಿಸಿಕೊಳ್ಳುತ್ತಿದ್ದ ಒಂದೇ ಒಂದು ವಸ್ತು ಕಾದಂಬರಿಯಾಗಿತ್ತು. ಸೀರೆಯನ್ನು ಬೇರೆಯವರು ತಂದರು, ಗಂಡನನ್ನೂ ಬೇರೆಯವರೇ ತಂದರು.

ತ್ರಿವೇಣಿಯವರ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬೇಕು. ಮನಶ್ಶಾಸ್ತ್ರ ಓದಿದ್ದ ಈ ಲೇಖಕಿಯ ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಅದನ್ನು ಓದಿದವರು ‘ಅಪಜಯ’ವನ್ನು ಓದಲೇಬೇಕಿತ್ತು, ಕಥೆ ಅಲ್ಲಿಗೆ ಮುಂದುವರಿಯುತ್ತದೆ. ಆಮೇಲೆ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳು. ವರ್ಷಕ್ಕೆ ಎರಡರಂತೆ ಎಂದಾಯಿತು. ಒಂದನ್ನು ಓದಿ, ಅಕ್ಕಪಕ್ಕದವರೊಂದಿಗೆ ಚರ್ಚಿಸಿ, ಇನ್ನೊಮ್ಮೆ ಓದುವಷ್ಟರಲ್ಲಿ ಮುಂದಿನದು ಬರುತ್ತಿತ್ತು. ಹುಚ್ಚು, ಬಂಜೆತನ, ಬಾಣಂತಿಯ ಮನಸ್ಸಿನ ಕ್ಷೋಭೆ ಮುಂತಾಗಿ ಮನೆಯೊಳಗೆ ಪಿಸುಮಾತಿನಲ್ಲಿದ್ದ ವಿಷಯಗಳು ಅಚ್ಚಿನಲ್ಲಿ ಬಂದವು. 1963ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ, ತ್ರಿವೇಣಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟಿದ್ದ ‘ಅವಳ ಮನೆ’ಯನ್ನು ಎಂ.ಸಿ. ಪದ್ಮ ಅವರು ಬರೆದು ಮುಗಿಸಿದರು. ಓದುಗರ ಆಗಿನ ಸ್ಥಿತಿಯನ್ನು ಊಹಿಸಬಹುದು. ಕೈಯಲ್ಲಿರುವ ಪುಸ್ತಕದ ಯಾವುದೋ ಒಂದು ಪುಟದಲ್ಲಿ ಮೆಚ್ಚಿನ ಲೇಖಕಿ ಎದ್ದುಹೋಗಿದ್ದಾರೆ, ಇನ್ನೊಬ್ಬರು ಬಂದು ಕುಳಿತಿದ್ದಾರೆ. ಆ ಜಾಗ ಎಲ್ಲಿ ಎಂದು ಹುಡುಕುತ್ತ ಓದದೆ ಇದ್ದವರು ಯಾರು?

ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾಯಿತು. 1917ರಲ್ಲಿ ಹುಟ್ಟಿದ ಅವರಿಗೆ ಆಗ ನಲವತ್ತೈದು ದಾಟಿತ್ತು. ಶಾಲೆಯ ಓದು ಹೆಚ್ಚಿಲ್ಲದ, ಸಂಸಾರ ಮಾಡಿಕೊಂಡಿದ್ದ ಓದುಗಳೊಬ್ಬಳು ಲೇಖಕಿಯಾದಳು. ಹದಿಮೂರು ವರ್ಷಗಳ ಮೇಲೆ, 1976ರಲ್ಲಿ, ‘ಫಣಿಯಮ್ಮ’ ಬಂತು. ಅಷ್ಟರ ಹೊತ್ತಿಗೆ ಲೈಬ್ರರಿಗಳಲ್ಲಿ ‘ಇಂದಿರಾ ಅವರದು ಹೊಸದು ಬಂತೆ’ ಎಂದು ಕೇಳುವವರ ಸಾಲೇ ಇತ್ತು.

ಕಾಯಿಸುವುದರಲ್ಲಿ ಕುವೆಂಪು ಅವರನ್ನು ಮೀರಿಸುವವರಿಲ್ಲ. ‘ಕಾನೂರು ಹೆಗ್ಗಡಿತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. ಮೊದಲನೆಯದನ್ನು ಇಪ್ಪತ್ತರ ಹರೆಯದಲ್ಲಿ ಓದಿದವನು ಎರಡನೆಯದನ್ನು ಕನ್ನಡಕ ಹಾಕಿಕೊಂಡು ಓದಬೇಕಾಯಿತು. ಅವರ ಮಗ ಪೂರ್ಣಚಂದ್ರ ತೇಜಸ್ವಿ ‘ಮಾಯಾಲೋಕ’ವನ್ನು ಬರೆದಾಗ ಅದರ ಮೇಲೆ ಒಂದನೆಯ ಭಾಗವೆಂದು ಅಂಕಿ ಹಾಕಿಸಿದ್ದರು. ಓದುಗರು ಎರಡನೆಯದಕ್ಕೆ ಕಾದರು. 2007ರ ಏಪ್ರಿಲ್‌ನಲ್ಲಿ ತೇಜಸ್ವಿ ಇಲ್ಲವಾದರು. ಆ ಪುಸ್ತಕ ಇಂದಿಗೂ ಆ ಒಂದು ಎಂಬ ಅಂಕಿಯೊಂದಿಗೇ ಅಂಗಡಿಗಳಲ್ಲಿ ಕುಳಿತಿದೆ.

ಅದೇ ವರ್ಷ ಎಸ್.ಎಲ್. ಭೈರಪ್ಪನವರ ‘ಆವರಣ’ ಹೊರಬಂತು. ಬಿಡುಗಡೆಗೆ ಮೊದಲೇ ಮೊದಲ ಮುದ್ರಣ ಖರ್ಚಾಗಿತ್ತು. ಒಪ್ಪುವವರು, ಕೆರಳುವವರು ಇಬ್ಬರೂ ಅದನ್ನು ಕೊಂಡರು. ಭೈರಪ್ಪನವರ ಓದುಗರು ಒಂದು ವಿಶೇಷ ಜಾತಿ. ‘ವಂಶವೃಕ್ಷ’ದಿಂದ ಹಿಡಿದು ‘ಪರ್ವ’, ‘ಮಂದ್ರ’ಗಳವರೆಗೆ ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಂದು ದಪ್ಪ ಕಾದಂಬರಿ, ಮುಂದಿನ ವಸ್ತು ಯಾವುದು, ಈಗ ಯಾವ ಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದಾರೆ ಎಂಬುದು ಆ ನಡುವಣ ವರ್ಷಗಳ ಚರ್ಚೆ. 2017ರ ‘ಉತ್ತರಕಾಂಡ’ದ ನಂತರ ಅವರಿಂದ ಕಾದಂಬರಿ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ, ಅರ್ಧ ಶತಮಾನ ಒಬ್ಬರನ್ನೇ ಕಾದು ಓದಿದ್ದ ಎಷ್ಟೋ ಮನೆಗಳಲ್ಲಿ ಪುಸ್ತಕದ ಕಪಾಟಿನ ಒಂದು ಸಾಲು ಅಲ್ಲಿಗೆ ನಿಂತುಹೋಯಿತು.

ಹಾಗಾದಾಗ ಓದುಗ ಏನು ಮಾಡುತ್ತಾನೆ? ಕೆಲವರು ಮೊದಲಿನಿಂದ ಮತ್ತೆ ಓದುತ್ತಾರೆ. ಕೆಲವರು ಓದದೆ ಉಳಿದ ಒಂದು ಪುಸ್ತಕವನ್ನು ಬೇಕೆಂದೇ ಓದದೆ ಇಟ್ಟುಕೊಳ್ಳುತ್ತಾರೆ. ಅದು ಇರುವವರೆಗೆ ಹೊಸದೊಂದು ಬರಲಿಕ್ಕಿದೆ ಎಂಬ ಭಾವ. ಹೊಸ ಲೇಖಕರ ಕಡೆ ತಿರುಗಬೇಕಾದರೆ ಕೈಹಿಡಿದು ತೋರಿಸುವವರು ಬೇಕು, ಮತ್ತು ಇಕ್ಕಟ್ಟಿರುವುದು ಅಲ್ಲೇ. ದೂರದರ್ಶನ ಮನೆಮನೆಗೆ ಬಂದ ಮೇಲೆ, ಅದರಲ್ಲೂ 1990ರ ದಶಕದಲ್ಲಿ ಖಾಸಗಿ ವಾಹಿನಿಗಳ ಧಾರಾವಾಹಿ ಶುರುವಾದ ಮೇಲೆ, ಬೀದಿ ಮೂಲೆಯ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸರ್ಕಾರದ ಸಗಟು ಖರೀದಿ ಪ್ರಕಾಶಕನನ್ನು ಉಳಿಸಿತು, ಆದರೆ ಓದುಗನ ಮುಖ ನೋಡದೆಯೂ ಪುಸ್ತಕ ಅಚ್ಚುಹಾಕಬಹುದೆಂಬ ಅಭ್ಯಾಸವನ್ನೂ ಕಲಿಸಿತು. ಈಗ ಒಳ್ಳೆಯ ಕಾದಂಬರಿಗಳು ಬರುತ್ತಿಲ್ಲವೆಂದಲ್ಲ. ಸಾವಿರ ಪ್ರತಿ ಅಚ್ಚಾಗುವ ಪುಸ್ತಕವೂ ಅದಕ್ಕಾಗಿ ಕಾದಿರುವ ಓದುಗನೂ ಒಬ್ಬರನ್ನೊಬ್ಬರು ಕಾಣದೆ ಪಕ್ಕದಲ್ಲೇ ಹಾದುಹೋಗುತ್ತಿದ್ದಾರೆ. ನಡುವೆ ನಿಂತು ‘ಇದು ನಿಮಗೆ ಹಿಡಿಸುತ್ತದೆ, ಒಯ್ಯಿರಿ’ ಎನ್ನುತ್ತಿದ್ದ ಆ ಮಾಲೀಕನ ಕುರ್ಚಿ ಖಾಲಿಯಾಗಿದೆ.

ಮುಚ್ಚಿದ ಲೈಬ್ರರಿಗಳ ಪುಸ್ತಕಗಳು ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಹಳೆಯ ಪುಸ್ತಕದ ಅಂಗಡಿಗಳಿಗೆ ಬಂದುಬೀಳುವುದುಂಟು. ಅದೇ ರಟ್ಟು, ಅದೇ ನಂಬರು, ನೇರಳೆ ಬಣ್ಣದ ಮೊಹರು. ಒಳಗೆ ಯಾವುದೋ ಒಂದು ಪುಟದ ಅಂಕಿಯ ಕೆಳಗೆ ಪೆನ್ಸಿಲಿನ ಸಣ್ಣ ಗೆರೆ, ಚುಕ್ಕೆ, ಇಲ್ಲವೆ ಒಂದಕ್ಷರ ಕಾಣುತ್ತದೆ. ಅದು ಕಿಡಿಗೇಡಿತನವಲ್ಲ. ನೂರಾರು ಕಾದಂಬರಿ ಓದಿದವರಿಗೆ ಯಾವುದು ಓದಿದ್ದು, ಯಾವುದು ಓದದ್ದು ಎಂದು ಹೆಸರಿನಿಂದ ನೆನಪಾಗುತ್ತಿರಲಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮದೇ ಒಂದು ಪುಟವನ್ನು ಗೊತ್ತುಮಾಡಿಕೊಂಡು ಅಲ್ಲಿ ತಮ್ಮ ಗುರುತು ಹಾಕುತ್ತಿದ್ದರು. ಲೈಬ್ರರಿಗೆ ಹೋದಾಗ ಮೊದಲು ಆ ಪುಟ ತೆಗೆದು ನೋಡುವುದು, ಗುರುತಿಲ್ಲದಿದ್ದರೆ ಮನೆಗೆ ಒಯ್ಯುವುದು. ಕೆಲವು ಪ್ರತಿಗಳಲ್ಲಿ ಅಂಥ ಹತ್ತು ಹನ್ನೆರಡು ಗುರುತುಗಳು ಬೇರೆ ಬೇರೆ ಪುಟಗಳಲ್ಲಿ ಸಿಗುತ್ತವೆ.